ಸುದ್ದಿ ಮುಟ್ಟದ ಹುಡುಗ: ಸಂಭವನೀಯತೆ ಪಾಠದ ಅನುಭವ

ಬೋಧನಾಭ್ಯಾಸದ ಅವಧಿಯಲ್ಲಿ ದಿನವೂ ಕಲಬುರಗಿಯಿಂದ ಬಸ್ಸಿನಲ್ಲಿ ಕಮಲಾಪುರಕ್ಕೆ ಹೋಗಿ ಹತ್ತನೆಯ ತರಗತಿಗೆ ಗಣಿತ ಕಲಿಸುತ್ತಿದ್ದೆ. ಸಂಭವನೀಯತೆಗೆ ನಾಣ್ಯ, ದಾಳಗಳಾಚೆ ಒಂದು ಉದಾಹರಣೆ ಬೇಕಿತ್ತು. ಟವರ್ ಇಲ್ಲದ ಕಡೆ ಫೋನುಗಳು ಬ್ಲೂಟೂತ್ ಮೂಲಕ ಸಂದೇಶ ದಾಟಿಸುವುದನ್ನು ಆರಿಸಿಕೊಂಡೆ. ಒಂದು ಫೋನು ಸಂದೇಶವನ್ನು ಹೊತ್ತು ಸಾಗುತ್ತದೆ. ಇನ್ನೊಂದು ಹತ್ತಿರ ಬಂದಾಗ ದಾಟಿಸುತ್ತದೆ. ಹೀಗಾಗಿ ಎರಡು ಭೇಟಿಗಳ ನಡುವಿನ ಅಂತರವೇ ಇಲ್ಲಿ ಮುಖ್ಯ.

ಮಕ್ಕಳನ್ನು ಅಂಗಳಕ್ಕೆ ಕರೆದೊಯ್ದೆ. ಮನಸ್ಸಿಗೆ ಬಂದ ಜಾಗವನ್ನು ಆರಿಸಿ ನೇರ ನಡೆಯುವುದು, ಕ್ಷಣ ನಿಂತು ಮತ್ತೊಂದು ಜಾಗ ಆರಿಸುವುದು, ಎದುರಾದವರಿಗೆ ಚೀಟಿಯ ಸುದ್ದಿ ಹೇಳುವುದು. ವೈರ್‌ಲೆಸ್ ಜಾಲಗಳ ಅಧ್ಯಯನದಲ್ಲಿ ಬಹುಕಾಲ ಬಳಸಿದ ಮಾದರಿಯೂ ಇದೇ. ಕೆಲವೇ ನಿಮಿಷಗಳಲ್ಲಿ ಸುದ್ದಿ ಎಲ್ಲರಿಗೂ ಮುಟ್ಟಿತು. ಪಾಠ ಗೆದ್ದಿತೆಂದುಕೊಂಡೆ.

ಒಬ್ಬ ಹುಡುಗಿ ಎದ್ದು, "ಮೇಡಂ, ನಾವು ಊರಾಗ ಹಿಂಗ ಅಡ್ಡಾಡಂಗಿಲ್ಲರಿ. ದಿನಾ ಸಿಗೋರೇ ಸಿಗ್ತಾರ್ರಿ" ಎಂದಳು. ಉತ್ತರ ಹೊಳೆಯಲಿಲ್ಲ. ದಸರೆ ರಜೆಯ 10 ದಿನ ಯಾವ ದಿನ ಯಾವ ಸಹಪಾಠಿ ಸಿಕ್ಕರೆಂದು ಬರೆದಿಡಲು ಎಲ್ಲರಿಗೂ ಹೇಳಿದೆ.

ರಜೆಯ 7ನೆಯ ದಿನ ವಿಶೇಷ ತರಗತಿ ಇತ್ತು. 5ನೆಯ ದಿನ ಅದನ್ನು ಮುಂದೂಡಿ, ಸಿಕ್ಕ ಮಕ್ಕಳಿಗೆ "ಒಬ್ಬರಿಗೊಬ್ಬರು ಹೇಳ್ರಿ" ಎಂದೆ. ಹೊಲದ ಮನೆಯ ಒಬ್ಬ ಹುಡುಗನಿಗೆ ಸುದ್ದಿ ಮುಟ್ಟಲಿಲ್ಲ. ಅವನು ನಡೆದುಬಂದು, ಬೀಗ ನೋಡಿ ಮರಳಿದ್ದ.

ಅವನ ಪಟ್ಟಿಯಲ್ಲಿ ಭೇಟಿಗಳ ಅಂತರ ಹೀಗಿತ್ತು: 1, 1, 1, 1, 6 ದಿನ. ಸರಾಸರಿ 2. ಹಾಗಾದರೆ ಸುದ್ದಿ ಸರಾಸರಿ 1 ದಿನ ಕಾದರೆ ಸಾಕೆಂದು ಮಕ್ಕಳು ಲೆಕ್ಕ ಹಾಕಿದರು. ಆದರೆ 10 ದಿನಗಳಲ್ಲಿ ಯಾವ ಹೊತ್ತಿಗಾದರೂ ಹುಟ್ಟಬಹುದಾದ ಸುದ್ದಿ ಆ ದೀರ್ಘ ಅಂತರದೊಳಗೇ ಬೀಳುವ ಸಂಭವನೀಯತೆ 6/10. ಅಲ್ಲಿ ಸರಾಸರಿ ಕಾಯುವಿಕೆ 3 ದಿನ. ಉಳಿದೆಡೆ ಅರ್ಧ ದಿನ. ಒಟ್ಟು: 0.6 × 3 + 0.4 × 0.5 = 2 ದಿನ. ಮಕ್ಕಳ ಅಂದಾಜಿನ ಎರಡರಷ್ಟು!

2005ರ ಸುಮಾರಿಗೆ ಕೇಂಬ್ರಿಡ್ಜ್‌ನ ಸಂಶೋಧಕರು ಜನರಿಗೆ ಪುಟ್ಟ ಬ್ಲೂಟೂತ್ ಸಾಧನ ಕೊಟ್ಟು ಭೇಟಿಗಳನ್ನು ದಾಖಲಿಸಿದಾಗಲೂ ಹೆಚ್ಚಿನ ಅಂತರಗಳು ಚಿಕ್ಕವಿದ್ದವು. ಆದರೆ ಹಳೆಯ ಮಾದರಿ ಊಹಿಸಿದ್ದಕ್ಕಿಂತ ದೀರ್ಘ ಅಂತರಗಳು ಬಹಳ ಹೆಚ್ಚಿದ್ದವು.

ಪರಿಹಾರದ ಒಂದು ದಾರಿ ನಮ್ಮ ರಾಜ್ಯದಲ್ಲೇ ಇತ್ತು. 2000ದ ದಶಕದ ಆರಂಭದಲ್ಲಿ ದೊಡ್ಡಬಳ್ಳಾಪುರದ ಸುತ್ತ ಡಾಕ್‌ನೆಟ್ ಪ್ರಯೋಗದಲ್ಲಿ ಬಸ್ಸಿಗೆ ವೈಫೈ ಸಾಧನ ಅಳವಡಿಸಿ, ಹಳ್ಳಿಗಳ ಮತ್ತು ತಾಲ್ಲೂಕು ಕೇಂದ್ರದ ನಡುವೆ 'ಭೂಮಿ' ಪಹಣಿಯ ಮಾಹಿತಿ ಸಾಗಿಸಿದರು. ಬಸ್ಸು ಗೊತ್ತಾದ ಹೊತ್ತಿಗೆ ಬರುವುದರಿಂದ ಭೇಟಿಯನ್ನು ಅದೃಷ್ಟಕ್ಕೆ ಬಿಡಬೇಕಿಲ್ಲ.

ನನ್ನ ಪಾಠಯೋಜನೆಯಲ್ಲಿ ಈಗ ಅಂಗಳದ ಆಟವೂ ಇದೆ, ಮಕ್ಕಳ ಪಟ್ಟಿಯೂ ಇದೆ. ಮೊದಲಿನದು ಮಾದರಿ ಏನೆಂದು ಕಲಿಸುತ್ತದೆ. ಎರಡನೆಯದು ಅದು ಯಾರನ್ನು ಬಿಟ್ಟಿತೆಂದು ತೋರಿಸುತ್ತದೆ. "ಒಬ್ಬರಿಗೊಬ್ಬರು ಹೇಳ್ರಿ" ಎನ್ನುವ ಮೊದಲು, ಹೊಲದ ಮನೆಗೆ ಯಾರು ಹೋಗುತ್ತಾರೆಂದು ಈಗ ಕೇಳುತ್ತೇನೆ.