ಸೂಪರ್‌ಹೀರೊ ಪಾತ್ರಗಳ ಜನಾಂಗ ಬದಲಾವಣೆ

ಹಳೆಯ ಕಾಮಿಕ್ಸ್‌ಗಳಲ್ಲಿ ಬಿಳಿಯರೆಂದು ಚಿತ್ರಿತರಾದ ಸೂಪರ್‌ಹೀರೊಗಳ ಪಾತ್ರಗಳನ್ನು ಚಲನಚಿತ್ರಗಳಲ್ಲಿ ಅಥವಾ ಹೊಸ ಕಾಮಿಕ್ಸ್‌ಗಳಲ್ಲಿ ಬೇರೆ ಜನಾಂಗದವರಿಗೆ ವಹಿಸುವುದು ಅಮೆರಿಕದಲ್ಲಿ ತೀವ್ರ ಚರ್ಚೆಗೆ ಒಳಗಾಗಿರುವ ವಿಷಯ. ಮೂಲಕ್ಕೆ ನಿಷ್ಠೆ ಬೇಕೆಂಬುದು ಒಂದು ಪಕ್ಷದ ವಾದ. ಆ ಮೂಲವೇ ಬಿಳಿಯರಲ್ಲದವರನ್ನು ಹೊರಗಿಟ್ಟು ರೂಪುಗೊಂಡದ್ದು ಎಂಬುದು ಇನ್ನೊಂದು ಪಕ್ಷದ ಉತ್ತರ.

ಹಿನ್ನೆಲೆ

ಸೂಪರ್‌ಮ್ಯಾನ್ (1938), ಬ್ಯಾಟ್‌ಮ್ಯಾನ್ (1939), ಸ್ಪೈಡರ್-ಮ್ಯಾನ್ (1962) ಮೊದಲಾದ ಪ್ರಸಿದ್ಧ ಪಾತ್ರಗಳೆಲ್ಲ ಬಿಳಿಯರಾಗಿಯೇ ಹುಟ್ಟಿದವು. ಇದನ್ನು ಕೇವಲ ಲೇಖಕರ ಇಚ್ಛೆ ಎನ್ನಲಾಗದು. 1956ರಲ್ಲಿ ಇ.ಸಿ. ಕಾಮಿಕ್ಸ್ ಸಂಸ್ಥೆಯು ‘ಜಡ್ಜ್‌ಮೆಂಟ್ ಡೇ’ ಎಂಬ ಕಥೆಯನ್ನು ಮರುಮುದ್ರಿಸಲು ಹೊರಟಾಗ, ಅದರ ಕೊನೆಯಲ್ಲಿ ಬರುವ ಗಗನಯಾತ್ರಿ ಕಪ್ಪುಜನಾಂಗದವನಾಗಿರಬಾರದೆಂದು ಕಾಮಿಕ್ಸ್ ಸಂಹಿತೆಯ ಅಧಿಕಾರಿ ಆಕ್ಷೇಪಿಸಿದರು. ಆ ಕಥೆಯಾದರೋ ವರ್ಣಭೇದವನ್ನೇ ಖಂಡಿಸುವಂಥದು! ಪ್ರಕಾಶಕ ವಿಲಿಯಂ ಗೇನ್ಸ್ ಮಣಿಯಲಿಲ್ಲ. ಗಗನಯಾತ್ರಿಯ ಬಣ್ಣ ಬದಲಾಗದೆಯೇ ಕಥೆ ಅಚ್ಚಾಯಿತು. ಬ್ಲ್ಯಾಕ್ ಪ್ಯಾಂಥರ್ ಕಾಣಿಸಿಕೊಳ್ಳಲು 1966ರವರೆಗೆ ಕಾಯಬೇಕಾಯಿತು. ಅದೂ ‘ಫೆಂಟಾಸ್ಟಿಕ್ ಫೋರ್’ ಸರಣಿಯೊಳಗಿನ ಅತಿಥಿಯಾಗಿ.

ತೆರೆಯ ಮೇಲಿನ ಬದಲಾವಣೆಗಳು

1963ರಲ್ಲಿ ಬಿಳಿಯನಾಗಿ ಸೃಷ್ಟಿಯಾದ ನಿಕ್ ಫ್ಯೂರಿಯನ್ನು 2002ರ ‘ದಿ ಅಲ್ಟಿಮೇಟ್ಸ್’ ಕಾಮಿಕ್ಸ್ ನಟ ಸ್ಯಾಮ್ಯುಯೆಲ್ ಎಲ್. ಜಾಕ್ಸನ್ ಅವರ ಹೋಲಿಕೆಯಲ್ಲಿ ಚಿತ್ರಿಸಿತು. 2008ರ ‘ಐರನ್ ಮ್ಯಾನ್’ ಚಿತ್ರದಲ್ಲಿ ಜಾಕ್ಸನ್ ಅವರೇ ಆ ಪಾತ್ರ ವಹಿಸಿದರು. ಪ್ರೇಕ್ಷಕರು ಅದನ್ನು ಸುಲಭವಾಗಿ ಒಪ್ಪಿದರು. ಆದರೆ ‘ಥಾರ್’ (2011) ಚಿತ್ರದಲ್ಲಿ ನಾರ್ಸ್ ಪುರಾಣದ ದೇವತೆ ಹೈಮ್‌ಡಾಲ್ ಆಗಿ ಇದ್ರಿಸ್ ಎಲ್ಬಾ ಆಯ್ಕೆಯಾದಾಗ ಬಹಿಷ್ಕಾರದ ಕರೆಯೂ ಹೊರಟಿತು. ಲೋಕಲೋಕಗಳನ್ನು ಜೋಡಿಸುವ ಕಾಮನಬಿಲ್ಲಿನ ಸೇತುವೆಯನ್ನು ನಂಬಬಲ್ಲವರಿಗೆ ಅದನ್ನು ಕಾಯುವವನ ಮೈಬಣ್ಣವನ್ನು ನಂಬಲಾಗದೆ ಹೋದದ್ದು ವಿಚಿತ್ರವೇ ಸರಿ.

ಸ್ಪೈಡರ್-ಮ್ಯಾನ್

ಚರ್ಚೆಯ ಎಲ್ಲ ಎಳೆಗಳೂ ಕೂಡುವುದು ಈ ಪಾತ್ರದಲ್ಲಿ. 2010ರಲ್ಲಿ ಡೊನಾಲ್ಡ್ ಗ್ಲೋವರ್ ಎಂಬ ಕಪ್ಪುಜನಾಂಗದ ನಟನಿಗೆ ಪೀಟರ್ ಪಾರ್ಕರ್ ಪಾತ್ರದ ಪರೀಕ್ಷೆಗಾದರೂ ಅವಕಾಶ ಸಿಗಲೆಂದು ಅಭಿಮಾನಿಗಳು ಅಂತರ್ಜಾಲದಲ್ಲಿ ಒತ್ತಾಯಿಸಿದರು. ಪಾತ್ರ ಆಂಡ್ರೂ ಗಾರ್ಫೀಲ್ಡ್ ಅವರ ಪಾಲಾಯಿತು. ಮರುವರ್ಷ ಲೇಖಕ ಬ್ರಯಾನ್ ಮೈಕಲ್ ಬೆಂಡಿಸ್ ಮತ್ತು ಚಿತ್ರಕಲಾವಿದೆ ಸಾರಾ ಪಿಕೆಲ್ಲಿ ಬೇರೆಯ ದಾರಿ ಹಿಡಿದು, ಕಪ್ಪುಜನಾಂಗದ ತಂದೆಗೂ ಪೋರ್ಟೊ ರಿಕೊ ಮೂಲದ ತಾಯಿಗೂ ಹುಟ್ಟಿದ ಮೈಲ್ಸ್ ಮೊರಾಲೆಸ್ ಎಂಬ ಹುಡುಗನಿಗೆ ಸ್ಪೈಡರ್-ಮ್ಯಾನ್ ವೇಷ ತೊಡಿಸಿದರು. ಇಲ್ಲಿ ಪೀಟರ್ ಬದಲಾಗಲಿಲ್ಲ. ಹೆಸರಿಗೆ ಇನ್ನೊಬ್ಬ ವಾರಸುದಾರ ಬಂದ.

2015ರಲ್ಲಿ ಬಹಿರಂಗಗೊಂಡ ಸೋನಿ ಮತ್ತು ಮಾರ್ವೆಲ್ ಸಂಸ್ಥೆಗಳ ನಡುವಣ ಒಪ್ಪಂದದಲ್ಲಿ, ಪೀಟರ್ ಪಾರ್ಕರ್ ಬಿಳಿಯನಾಗಿರತಕ್ಕದ್ದೆಂಬ ಷರತ್ತೇ ಇತ್ತು. ಅದೇ ವೇಳೆ ಪಾತ್ರದ ಸೃಷ್ಟಿಕರ್ತರಲ್ಲೊಬ್ಬರಾದ ಸ್ಟಾನ್ ಲೀ, ಪೀಟರ್ ಮೊದಲಿನಿಂದಲೇ ಕಪ್ಪುಜನಾಂಗದವನೋ ಭಾರತೀಯನೋ ಆಗಿದ್ದರೆ ಹಾಗೆಯೇ ಉಳಿಯಬೇಕೆನ್ನುತ್ತಿದ್ದೆ, ಈಗ ಇರುವುದನ್ನು ಬದಲಿಸಲು ಕಾರಣ ಕಾಣದು ಎಂಬ ಅಭಿಪ್ರಾಯ ನೀಡಿದರು. ಮೈಲ್ಸ್ ನಾಯಕನಾದ ‘ಸ್ಪೈಡರ್-ಮ್ಯಾನ್: ಇಂಟು ದ ಸ್ಪೈಡರ್-ವರ್ಸ್’ (2018) ಶ್ರೇಷ್ಠ ಆನಿಮೇಷನ್ ಚಿತ್ರವೆಂದು ಆಸ್ಕರ್ ಪಡೆಯಿತು. ಭಾರತಕ್ಕಾಗಿ 2004ರಲ್ಲಿ ರಚಿತನಾದ, ಧೋತಿ ಉಟ್ಟ ಪವಿತ್ರ ಪ್ರಭಾಕರ್ 2023ರ ಮುಂದಿನ ಭಾಗದಲ್ಲಿ ಕಾಣಿಸಿಕೊಂಡ. ಆ ಚಿತ್ರ ಕನ್ನಡಕ್ಕೂ ಡಬ್ ಆಗಿ ಬಂದಿತು.

ಭಿನ್ನ ನಿಲುವುಗಳು

ಆಕ್ಷೇಪವೆಲ್ಲವೂ ಜನಾಂಗದ್ವೇಷದಿಂದ ಬಂದುದಲ್ಲ. ಇತರರು ತೊಟ್ಟ ಬಟ್ಟೆಯನ್ನು ಕೊಡುವ ಬದಲು ಹೊಸದನ್ನೇ ಹೊಲಿಸಬೇಕೆಂಬ ವಾದ ಕಪ್ಪುಜನಾಂಗದ ಓದುಗರಲ್ಲಿಯೂ ಇದೆ. ಡ್ವೇನ್ ಮೆಕ್‌ಡಫಿ ಮೊದಲಾದವರು ಕಟ್ಟಿದ ಮೈಲ್‌ಸ್ಟೋನ್ ಸಂಸ್ಥೆ 1993ರಿಂದ ಅಂಥ ಹೊಸ ನಾಯಕರನ್ನು ಪ್ರಕಟಿಸಿತು. ಕೆಲವೇ ವರ್ಷಗಳಲ್ಲಿ ಆ ಕಾಮಿಕ್ಸ್‌ಗಳು ನಿಂತುಹೋದವು. ಹಳೆಯ ಹೆಸರಿಗಿರುವ ಮಾರುಕಟ್ಟೆ ಹೊಸ ಹೆಸರಿಗೆ ಸುಲಭವಾಗಿ ಸಿಗುವುದಿಲ್ಲ.

ತದ್ವಿರುದ್ಧ ದಿಕ್ಕಿನ ಬದಲಾವಣೆಯೂ ಟೀಕೆಗೆ ಗುರಿಯಾಗಿದೆ. ‘ಡಾಕ್ಟರ್ ಸ್ಟ್ರೇಂಜ್’ (2016) ಚಿತ್ರದಲ್ಲಿ ಟಿಬೆಟ್ಟಿನ ಗುರುವಿನ ಪಾತ್ರವನ್ನು ಬ್ರಿಟಿಷ್ ನಟಿ ಟಿಲ್ಡಾ ಸ್ವಿಂಟನ್ ಅವರಿಗೆ ಕೊಟ್ಟದ್ದು ಸರಿಯಾಗಲಿಲ್ಲವೆಂದು ಮಾರ್ವೆಲ್ ಸ್ಟುಡಿಯೋಸ್‌ನ ಮುಖ್ಯಸ್ಥ ಕೆವಿನ್ ಫೈಗಿ 2021ರಲ್ಲಿ ಒಪ್ಪಿಕೊಂಡರು.

ಕ್ಯಾಪ್ಟನ್ ಅಮೆರಿಕ ಪಟ್ಟ 2014ರ ಕಾಮಿಕ್ಸ್‌ನಲ್ಲಿ ಕಪ್ಪುಜನಾಂಗದ ಸ್ಯಾಮ್ ವಿಲ್ಸನ್‌ಗೆ ಬಂದಿತು. 2021ರ ‘ದ ಫಾಲ್ಕನ್ ಅಂಡ್ ದ ವಿಂಟರ್ ಸೋಲ್ಜರ್’ ಧಾರಾವಾಹಿ ಈ ಪ್ರಶ್ನೆಯನ್ನೇ ಕಥೆಯೊಳಗೆ ತಂದಿತು. ಸರ್ಕಾರದ ಗುಪ್ತ ಪ್ರಯೋಗಕ್ಕೆ ಬಲಿಯಾಗಿ, ಸೆರೆಮನೆಯಲ್ಲಿ ದಶಕಗಳನ್ನು ಕಳೆದ ಕಪ್ಪುಜನಾಂಗದ ಮುದಿಯೋಧ ಐಸಾಯಾ ಬ್ರ್ಯಾಡ್ಲಿ, ಆತ್ಮಗೌರವವುಳ್ಳ ತಮ್ಮವನೊಬ್ಬ ಆ ಗುರಾಣಿಯನ್ನು ಹಿಡಿಯಲು ಬಯಸಲಾರನೆಂದು ಸ್ಯಾಮ್‌ಗೆ ಹೇಳುತ್ತಾನೆ. ಸ್ಯಾಮ್ ಅವನ ಮಾತನ್ನು ಅಲ್ಲಗಳೆಯುವುದಿಲ್ಲ. ಗುರಾಣಿಯನ್ನು ಬಿಡುವುದೂ ಇಲ್ಲ.