ಹಳೆಯ ಟ್ರ್ಯಾಕ್ಟರ್‌ನ ರೇಡಿಯೇಟರ್ ನೀರು ಸೋರಿಕೆ: ಸೋರಿಕೆ ತಡೆ ದ್ರಾವಣ ಯಾವಾಗ ಸೂಕ್ತ, ಯಾವಾಗ ಅಪಾಯಕಾರಿ?

ಮುಂಗಾರಿನ ಉಳುಮೆ ಅಥವಾ ಸುಗ್ಗಿಯ ಒಕ್ಕಣೆ ಭರದಿಂದ ಸಾಗಿರುವಾಗಲೇ ಹಳೆಯ ಟ್ರ್ಯಾಕ್ಟರ್‌ನ ರೇಡಿಯೇಟರ್ ಸೋರಲು ಆರಂಭಿಸಿದರೆ ರೈತರು ಇಕ್ಕಟ್ಟಿಗೆ ಸಿಲುಕುತ್ತಾರೆ. ಇಂತಹ ಸಮಯದಲ್ಲಿ ಬಿಡಿಭಾಗಗಳ ಅಂಗಡಿಯಲ್ಲಿ ದೊರೆಯುವ ಸೋರಿಕೆ ತಡೆ ದ್ರಾವಣ ಅಥವಾ ಪುಡಿಯು ಸುಲಭ ಪರಿಹಾರವಾಗಿ ಕಾಣುತ್ತದೆ. ಸೂಕ್ತ ಸಂದರ್ಭದಲ್ಲಿ ಇದು ಕೆಲವು ದಿನಗಳ ಕೆಲಸವನ್ನು ಉಳಿಸಿಕೊಡಬಲ್ಲದು. ತಪ್ಪು ಸಂದರ್ಭದಲ್ಲಿ ಸಣ್ಣ ದುರಸ್ತಿಯಲ್ಲಿ ಮುಗಿಯಬೇಕಾದುದನ್ನು ಎಂಜಿನ್ ಬಿಚ್ಚುವ ಹಂತಕ್ಕೆ ತಂದು ನಿಲ್ಲಿಸಬಲ್ಲದು. ಆದ್ದರಿಂದ ದ್ರಾವಣವನ್ನು ಕೊಳ್ಳುವ ಮೊದಲು ನೀರು ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ತಿಳಿಯುವುದು ಅತ್ಯಗತ್ಯ.

ಮೊದಲು ಸೋರಿಕೆಯ ಸ್ಥಳವನ್ನು ಗುರುತಿಸಿ

ಎಂಜಿನ್ ಸಂಪೂರ್ಣ ತಣ್ಣಗಾದ ನಂತರವೇ ಪರೀಕ್ಷೆಯನ್ನು ಆರಂಭಿಸಬೇಕು. ಬಿಸಿಯಾಗಿರುವಾಗ ರೇಡಿಯೇಟರ್ ಮುಚ್ಚಳವನ್ನು ತೆರೆದರೆ ಕುದಿನೀರು ಚಿಮ್ಮಿ ಮುಖ ಮತ್ತು ಕೈ ಸುಡುವ ಅಪಾಯವಿದೆ.

1. ಮುಚ್ಚಳ: ಸಮುದ್ರಮಟ್ಟದಲ್ಲಿ 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುವ ನೀರು, ಮುಚ್ಚಳವು ಅರ್ಧ ಬಾರ್‌ನಷ್ಟು ಹೆಚ್ಚುವರಿ ಒತ್ತಡವನ್ನು ಹಿಡಿದಿಟ್ಟಾಗ ಸುಮಾರು 111 ಡಿಗ್ರಿಯವರೆಗೆ ಕುದಿಯುವುದಿಲ್ಲ. ಮುಚ್ಚಳದ ರಬ್ಬರ್ ಅಥವಾ ಸ್ಪ್ರಿಂಗ್ ಸವೆದಿದ್ದರೆ ನೀರು ಬೇಗ ಕುದಿದು ಹೊರಚೆಲ್ಲುತ್ತದೆ. ಇದು ಸೋರಿಕೆಯಲ್ಲ, ಹೊಸ ಮುಚ್ಚಳ ಹಾಕಿದರೆ ಸಾಕು.

2. ಹೋಸ್ ಪೈಪ್ ಮತ್ತು ಕ್ಲಿಪ್: ಬಿರುಕು ಬಿಟ್ಟ ಅಥವಾ ಮೆತ್ತಗಾದ ಪೈಪನ್ನು ಬದಲಾಯಿಸಬೇಕು. ದ್ರಾವಣವು ರಬ್ಬರ್ ಪೈಪಿನ ಬಿರುಕನ್ನು ಮುಚ್ಚಲಾರದು.

3. ವಾಟರ್ ಪಂಪ್: ಪಂಪಿನ ಕೆಳಭಾಗದ ಸಣ್ಣ ರಂಧ್ರದಿಂದ ನೀರು ತೊಟ್ಟಿಕ್ಕುತ್ತಿದ್ದರೆ ಒಳಗಿನ ಸೀಲ್ ಸವೆದಿದೆ ಎಂದರ್ಥ. ಈ ರಂಧ್ರವನ್ನು ಎಂದಿಗೂ ಮುಚ್ಚಬಾರದು. ಮುಚ್ಚಿದರೆ ನೀರು ಬೇರಿಂಗ್‌ಗೆ ಸೇರಿ ಪಂಪ್ ಹಾಳಾಗುತ್ತದೆ.

4. ರೇಡಿಯೇಟರ್ ನಾಳಗಳು: ಜಾಲರಿಯ ಮೇಲೆ ಬಿಳಿ ಅಥವಾ ಹಸಿರು ಕಲೆ ಮತ್ತು ತೇವವಿದ್ದರೆ ಅಲ್ಲಿ ಸೂಜಿಮೊನೆಯಷ್ಟು ರಂಧ್ರವಿರುವ ಸಾಧ್ಯತೆ ಇದೆ.

5. ಒಳಸೋರಿಕೆ: ಹೊರಗೆ ಎಲ್ಲಿಯೂ ತೇವ ಕಾಣದೆ ನೀರು ಕಡಿಮೆಯಾಗುತ್ತಿದ್ದರೆ ಎಚ್ಚರ ವಹಿಸಿ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆಸಿದಂತೆ ಕಾಣುವುದು, ಬಿಸಿಯಾದ ಎಂಜಿನ್‌ನಿಂದಲೂ ಬಿಳಿ ಹೊಗೆ ನಿಲ್ಲದೆ ಬರುವುದು, ತಣ್ಣಗಿರುವಾಗ ಮುಚ್ಚಳ ತೆರೆದು ಚಾಲೂ ಮಾಡಿದೊಡನೆ ರೇಡಿಯೇಟರ್‌ನಲ್ಲಿ ಗುಳ್ಳೆಗಳು ಏಳುತ್ತಲೇ ಇರುವುದು ಇದರ ಲಕ್ಷಣಗಳು. ಅನುಮಾನವಿದ್ದಲ್ಲಿ, ರಾತ್ರಿಯಿಡೀ ನಿಂತ ಟ್ರ್ಯಾಕ್ಟರ್‌ನ ಆಯಿಲ್ ಡ್ರೈನ್ ಬೋಲ್ಟನ್ನು ಬೆಳಿಗ್ಗೆ ತುಸು ಸಡಿಲಿಸಿ ನೋಡಿ. ನೀರು ಆಯಿಲ್‌ಗಿಂತ ಭಾರವಾದುದರಿಂದ, ಸೋರಿಕೆಯಿದ್ದರೆ ಮೊದಲು ನೀರೇ ಬರುತ್ತದೆ. ಹೆಡ್ ಗ್ಯಾಸ್ಕೆಟ್ ಸುಟ್ಟಿರಬಹುದು ಅಥವಾ ಸಿಲಿಂಡರ್ ಲೈನರ್‌ನ ರಬ್ಬರ್ ರಿಂಗ್ ಹಾಳಾಗಿರಬಹುದು.

ದ್ರಾವಣ ಹೇಗೆ ಕೆಲಸ ಮಾಡುತ್ತದೆ?

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಮೊದಲನೆಯದರಲ್ಲಿ ಸಸ್ಯನಾರು ಅಥವಾ ಲೋಹದ ಸೂಕ್ಷ್ಮ ಕಣಗಳಿರುತ್ತವೆ. ನೀರಿನ ಜೊತೆ ಹರಿಯುವ ಈ ಕಣಗಳು ರಂಧ್ರದ ಬಳಿ ಸಿಲುಕಿ ಶೇಖರವಾಗುತ್ತವೆ. ಎರಡನೆಯದು ಸೋಡಿಯಂ ಸಿಲಿಕೇಟ್ ದ್ರಾವಣ. ಇದು ಶಾಖಕ್ಕೆ ನೀರನ್ನು ಕಳೆದುಕೊಂಡು ಗಾಜಿನಂತೆ ಗಟ್ಟಿಯಾಗುತ್ತದೆ.

ಎರಡಕ್ಕೂ ಒಂದೇ ಮಿತಿಯಿದೆ. ಸೋರುವ ರಂಧ್ರ ಯಾವುದು, ನೀರು ಹರಿಯಲೇಬೇಕಾದ ನಾಳ ಯಾವುದು ಎಂಬ ಭೇದ ದ್ರಾವಣಕ್ಕೆ ತಿಳಿಯದು. ವರ್ಷಗಟ್ಟಲೆ ಕೊಳವೆಬಾವಿಯ ಗಡಸು ನೀರನ್ನು ತುಂಬಿಸಿದ ರೇಡಿಯೇಟರ್‌ನ ನಾಳಗಳು ಲವಣದ ಪದರದಿಂದ ಈಗಾಗಲೇ ಕಿರಿದಾಗಿರುತ್ತವೆ. ಅಲ್ಲಿ ದ್ರಾವಣವು ಸೋರಿಕೆಯ ಜೊತೆಗೆ ನಾಳಗಳನ್ನೂ ಮುಚ್ಚಬಹುದು. ಆಗ ನೀರು ಸೋರದಿದ್ದರೂ ಎಂಜಿನ್ ಕಾಯುತ್ತದೆ. ಅಂದರೆ, ದ್ರಾವಣ ಹಾಕುವ ಮನಸ್ಸಾಗುವ ಹಳೆಯ ಎಂಜಿನ್‌ಗಳಲ್ಲಿಯೇ ಅದರ ಅಪಾಯವೂ ಹೆಚ್ಚು.

ಒಳಸೋರಿಕೆ ಇರುವಲ್ಲಿ ದ್ರಾವಣವನ್ನು ಬಳಸಲೇಬಾರದು. ಅದು ನೀರಿನೊಂದಿಗೆ ಆಯಿಲ್‌ಗೆ ಸೇರಿದರೆ ಬೇರಿಂಗ್‌ಗಳು ಉಳಿಯುವುದಿಲ್ಲ. ಅಮೆರಿಕದಲ್ಲಿ 2009ರಲ್ಲಿ ಸರ್ಕಾರವು ಹಳೆಯ ಕಾರುಗಳನ್ನು ರಸ್ತೆಯಿಂದ ತೆಗೆಯುವ ಯೋಜನೆ ಕೈಗೊಂಡಾಗ, ಆ ಎಂಜಿನ್‌ಗಳು ಮತ್ತೆಂದೂ ಬಳಕೆಯಾಗದಂತೆ ಮಾಡಲು ಆಯಿಲ್‌ಗೆ ಬದಲಾಗಿ ಸೋಡಿಯಂ ಸಿಲಿಕೇಟ್ ದ್ರಾವಣವನ್ನೇ ತುಂಬಿ ಚಾಲನೆ ಮಾಡಲಾಗಿತ್ತು ಎಂಬುದನ್ನು ನೆನಪಿಡಬೇಕು.

ಬಳಸಲೇಬೇಕಾದರೆ ಅನುಸರಿಸಬೇಕಾದ ಕ್ರಮ

ರೇಡಿಯೇಟರ್ ನಾಳದಲ್ಲಿ ಸೂಜಿಮೊನೆಯಷ್ಟು ರಂಧ್ರವಿದ್ದು, ಆಯಿಲ್ ಶುದ್ಧವಾಗಿದ್ದರೆ ಮಾತ್ರ ತಾತ್ಕಾಲಿಕವಾಗಿ ಬಳಸಬಹುದು.

* ಡಬ್ಬಿಯ ಮೇಲಿನ ಸೂಚನೆಗಳನ್ನು ಓದಿ, ತಿಳಿಸಿದ ಪ್ರಮಾಣವನ್ನೇ ಬಳಸಿ. ಬೇಗ ನಿಲ್ಲಲೆಂದು ಎರಡರಷ್ಟು ಹಾಕಬೇಡಿ.
* ಸಿಲಿಕೇಟ್ ಬಗೆಯಾದರೆ ಹಳೆಯ ಕೂಲಂಟ್ ಪೂರ್ತಿ ತೆಗೆದು, ಶುದ್ಧ ನೀರಿನಿಂದ ತೊಳೆದ ನಂತರವೇ ಹಾಕಿ. ಕೂಲಂಟ್‌ನೊಂದಿಗೆ ಬೆರೆತರೆ ಅದು ಲೋಳೆಯಂತಾಗಿ ನಾಳಗಳಲ್ಲಿ ಕಟ್ಟಿಕೊಳ್ಳುತ್ತದೆ.
* ಡಬ್ಬಿಯನ್ನು ಚೆನ್ನಾಗಿ ಕುಲುಕಿ, ತಣ್ಣಗಿರುವ ರೇಡಿಯೇಟರ್‌ಗೆ ಸುರಿದು ಮುಚ್ಚಳ ಹಾಕಿ. ಸೂಚನೆಯಲ್ಲಿರುವಷ್ಟು ಸಮಯ ಹೊರೆಯಿಲ್ಲದೆ ಚಾಲೂ ಇಡಿ.
* ಉಷ್ಣಮಾಪಕದ ಮುಳ್ಳು ಕೆಂಪು ಗೆರೆಯತ್ತ ಸಾಗಿದರೆ ತಕ್ಷಣ ಎಂಜಿನ್ ನಿಲ್ಲಿಸಿ.
* ಸೋರಿಕೆ ನಿಂತರೂ ರೋಟವೇಟರ್, ತುಂಬಿದ ಟ್ರೈಲರ್ ಮುಂತಾದ ಭಾರಿ ಕೆಲಸಗಳನ್ನು ದುರಸ್ತಿಯಾಗುವವರೆಗೆ ಮುಂದೂಡಿ.

ಚಾಲಕರು ರೇಡಿಯೇಟರ್‌ಗೆ ಅರಿಶಿನ ಪುಡಿ ಹಾಕುವ ರೂಢಿಯೂ ಇದೇ ತತ್ವದ್ದು: ಪುಡಿ ನೀರಿನಲ್ಲಿ ಉಬ್ಬಿ ರಂಧ್ರದಲ್ಲಿ ಸಿಲುಕುತ್ತದೆ. ಹೊಲದಿಂದ ಮನೆ ತಲುಪಲು ಇದು ನೆರವಾಗಬಹುದು. ಆದರೆ ಉಳಿದ ಪುಡಿ ಕೆಸರಾಗಿ ಕೂರುವುದರಿಂದ ಮನೆ ತಲುಪಿದ ಮೇಲೆ ರೇಡಿಯೇಟರ್ ತೊಳೆಯಬೇಕು.

ಶಾಶ್ವತ ಪರಿಹಾರ ಮತ್ತು ಮುನ್ನೆಚ್ಚರಿಕೆ

ಹಳೆಯ ಟ್ರ್ಯಾಕ್ಟರ್‌ಗಳ ತಾಮ್ರ ಮತ್ತು ಹಿತ್ತಾಳೆಯ ರೇಡಿಯೇಟರ್‌ಗಳನ್ನು ಬೆಸುಗೆ ಹಾಕಿ ಸರಿಪಡಿಸಬಹುದು. ಅದೇ ವೇಳೆ ನಾಳಗಳನ್ನೂ ಶುಚಿಗೊಳಿಸಬಹುದು. ದ್ರಾವಣ ಅಥವಾ ಪುಡಿ ಹಾಕಿದ್ದರೆ ಮೆಕ್ಯಾನಿಕ್‌ಗೆ ತಪ್ಪದೆ ತಿಳಿಸಿ. ದುರಸ್ತಿಯ ದಿನಗಳಲ್ಲಿ ಹದ ತಪ್ಪದಂತೆ ಸಮೀಪದ ಕೃಷಿ ಯಂತ್ರಧಾರೆ ಕೇಂದ್ರದಿಂದ ಟ್ರ್ಯಾಕ್ಟರ್ ಬಾಡಿಗೆಗೆ ಪಡೆಯುವ ಬಗ್ಗೆ ವಿಚಾರಿಸುವುದು ಸೂಕ್ತ.

ಗಡಸು ನೀರಿನ ಬದಲು ಶುದ್ಧೀಕರಿಸಿದ ನೀರು ಮತ್ತು ತಯಾರಕರು ಸೂಚಿಸಿದ ಕೂಲಂಟ್ ಬಳಸಿ. ಒಕ್ಕಣೆಯ ನಂತರ ಜಾಲರಿಯಲ್ಲಿ ಸಿಲುಕಿದ ಹೊಟ್ಟು ಮತ್ತು ಧೂಳನ್ನು ತೆಗೆಯಿರಿ. ಹೊರತೆಗೆದ ಕೂಲಂಟನ್ನು ಅಂಗಳದಲ್ಲಿ ಅಥವಾ ದನಗಳ ನೀರಿನ ತೊಟ್ಟಿಯ ಬಳಿ ಚೆಲ್ಲಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ ರುಚಿಯುಳ್ಳದ್ದು; ಅದನ್ನು ನೆಕ್ಕಿದ ನಾಯಿ ಅಥವಾ ಕುಡಿದ ಕರುವಿನ ಮೂತ್ರಪಿಂಡಗಳು ವಿಫಲವಾಗಿ ಸಾವು ಸಂಭವಿಸಬಹುದು. ಮಕ್ಕಳ ಕೈಗೂ ಸಿಗದಂತೆ ಮುಚ್ಚಿದ ಡಬ್ಬಿಯಲ್ಲಿಡಬೇಕು.

ವಿಸ್ತರಣಾ ಕಾರ್ಯಕರ್ತರು ಟ್ರ್ಯಾಕ್ಟರ್ ನಿರ್ವಹಣಾ ತರಬೇತಿಗಳಲ್ಲಿ ಮುಚ್ಚಳ, ಪೈಪ್, ಪಂಪ್, ನಾಳ ಮತ್ತು ಆಯಿಲ್ ಎಂಬ ಈ ಐದು ಪರೀಕ್ಷೆಗಳನ್ನು ರೈತರಿಂದಲೇ ಮಾಡಿಸಿ ತೋರಿಸಬೇಕು. ಸೋರಿಕೆ ತಡೆ ದ್ರಾವಣವು ದುರಸ್ತಿಯಲ್ಲ, ದುರಸ್ತಿಯವರೆಗಿನ ಕಾಲಾವಕಾಶ ಮಾತ್ರ. ಆ ಅವಕಾಶವನ್ನು ರೈತ ಬಾಂಧವರು ಟ್ರ್ಯಾಕ್ಟರನ್ನು ದುರಸ್ತಿ ಅಂಗಡಿಗೆ ತಲುಪಿಸಲು ಬಳಸಿಕೊಳ್ಳಬೇಕು.