ಕೂಸು ಮಲಗಿದಾಗಲೇ ಕಿವಿಯ ಪರೀಕ್ಷೆ

ಉಣಕಲ್ ರೈಲು ನಿಲ್ದಾಣದ ಆಸುಪಾಸಿನ ಮನೆಗಳಲ್ಲಿ ಗಾಡಿ ಕೂಗುತ್ತ ಹಾದುಹೋದರೂ ತೊಟ್ಟಿಲ ಕೂಸು ಮಿಸುಕದಿರುವುದುಂಟು. ಹೀಗಿರುವಾಗ ಶ್ರವಣ ತಜ್ಞರು ‘ಮಗುವನ್ನು ಮಲಗಿಸಿ, ಬೆರಾ ಪರೀಕ್ಷೆ ಮಾಡೋಣ’ ಎಂದರೆ ‘ಮಲಗಿದ ಕೂಸಿಗೆ ಏನ್ ಕೇಳಸ್ತದ್ರೀ?’ ಎಂಬ ಪ್ರಶ್ನೆ ಏಳುವುದು ಸಹಜ. ಪ್ರಶ್ನೆ ನ್ಯಾಯವಾದದ್ದೇ. ಆದರೂ ಹಸುಗೂಸಿನ ಕಿವಿಯನ್ನು ಪರೀಕ್ಷಿಸಲು ನಿದ್ದೆಗಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ. ಬೆರಾ ಪರೀಕ್ಷೆಯಲ್ಲಿ ಹಣೆಗೂ ಕಿವಿಯ ಹಿಂದಕ್ಕೂ ಎಲೆಕ್ಟ್ರೋಡ್ ಅಂಟಿಸಿ, ಕಿವಿಯೊಳಗೆ ‘ಟಿಕ್ ಟಿಕ್’ ಸದ್ದು ಬಿಡುತ್ತಾರೆ. ಪ್ರತಿ ಸದ್ದಿಗೂ ಶ್ರವಣ ನರ ಮತ್ತು ಮಿದುಳಿನ ಕಾಂಡ ಸುಮಾರು 10 ಮಿಲಿಸೆಕೆಂಡಿನೊಳಗೆ ಸಾಲು ಅಲೆಗಳಲ್ಲಿ ಉತ್ತರ ಕೊಡುತ್ತವೆ. 1971ರಲ್ಲಿ ಜೂವೆಟ್ ಮತ್ತು ವಿಲ್ಲಿಸ್ಟನ್ ವಿವರವಾಗಿ ದಾಖಲಿಸಿದ ಅಲೆಗಳಿವು. ಇವುಗಳ ಎತ್ತರ ಒಂದು ಮೈಕ್ರೋವೋಲ್ಟ್ ಕೂಡ ಇರದು. ಮಿದುಳಿನ ಉಳಿದ ವಿದ್ಯುತ್ ಚಟುವಟಿಕೆ ಇದರ ಹತ್ತಾರು ಪಟ್ಟು. ಅದಕ್ಕೇ ಸುಮಾರು 2000 ಸದ್ದುಗಳ ಉತ್ತರ ಕೂಡಿಸಿ ಸರಾಸರಿ ತೆಗೆಯುತ್ತಾರೆ: ಗೊತ್ತುಗುರಿಯಿಲ್ಲದ ಏರಿಳಿತ ಸುಮಾರು 45ನೇ ಒಂದು ಭಾಗಕ್ಕೆ ಇಳಿಯುತ್ತದೆ, ಸದ್ದಿಗೆ ಕಟ್ಟುಬಿದ್ದ ಅಲೆ ಉಳಿಯುತ್ತದೆ. ಎಚ್ಚರವಾಗಿರುವ ಮಗು ಅತ್ತರೆ, ಚೀಪಿದರೆ, ಕತ್ತು ಹೊರಳಿಸಿದರೆ ಸ್ನಾಯುಗಳ ವಿದ್ಯುತ್ತು ಈ ಲೆಕ್ಕವನ್ನೆಲ್ಲ ಕೆಡಿಸಿಬಿಡುತ್ತದೆ.

ನಿದ್ದೆಯಲ್ಲಿ ಮಿದುಳೇ ಮಂಕಾಗಿದ್ದರೆ ಉತ್ತರ ಸುಳ್ಳಾಗದೇ? ಮೇಲಿನ ಭಾಗಕ್ಕೆ ಈ ಮಾತು ಒಪ್ಪುತ್ತದೆ. ಮಿದುಳಿನ ಹೊರಪದರದ ಉತ್ತರ ನಿದ್ದೆಯ ಆಳದೊಂದಿಗೆ ಬದಲಾಗುತ್ತದೆ. ಆದರೆ ಅಲ್ಲೂ ಪೂರ್ತಿ ಮೌನವಿಲ್ಲ. ಮಲಗಿದವರಿಗೆ ಬೇರೆ ಹೆಸರುಗಳಿಗಿಂತ ತಮ್ಮದೇ ಹೆಸರು ಕೇಳಿಸಿದಾಗ ‘ಕೆ-ಕಾಂಪ್ಲೆಕ್ಸ್’ ಎಂಬ ದೊಡ್ಡ ಅಲೆ ಹೆಚ್ಚಾಗಿ ಏಳುವುದನ್ನು 1960ರಲ್ಲೇ ಇಯಾನ್ ಆಸ್ವಾಲ್ಡ್ ಮತ್ತು ಸಂಗಡಿಗರು ತೋರಿಸಿದ್ದರು. ಕೆಳಗಿನ ಕಾಂಡವಂತೂ ನಿದ್ದೆ, ಎಚ್ಚರ ಎಂದು ಭೇದ ಮಾಡುವುದಿಲ್ಲ. ಬೆರಾ ಅಳೆಯುವುದು ಅದನ್ನೇ. ರೈಲಿಗೆ ಏಳದ ಕೂಸಿನ ಕಾಂಡವನ್ನು ರೈಲಿನ ಸದ್ದು ಮುಟ್ಟಿಯೇ ಇರುತ್ತದೆ, ಏಳುವುದು ಬೇರೆ ಸಂಗತಿ. ಹಾಗೆ ನೋಡಿದರೆ ಮನೆಯಲ್ಲಿ ತಟ್ಟೆ ಬಡಿದು ನೋಡುವ ಪರೀಕ್ಷೆಯೇ ಹೆಚ್ಚು ಮೋಸದ್ದು: ಮಗು ಬೆಚ್ಚಿದ್ದು ಅದುರಿಗೋ ಸದ್ದಿಗೋ ತಿಳಿಯದು, ಒಂದೇ ಕಿವಿ ಕೇಳಿಸುತ್ತಿದ್ದರೂ ಗೊತ್ತಾಗದು.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ಕಾಂಡದವರೆಗೆ ಸದ್ದು ತಲುಪಿತೆಂದರೆ ಮಗುವಿಗೆ ಮಾತು ಕೇಳಿಸಿತೆಂದೇ ಅರ್ಥವೇ? ಅಲ್ಲ. ‘ಟಿಕ್’ ಸದ್ದಿನ ಪರೀಕ್ಷೆ ಮುಖ್ಯವಾಗಿ ಎತ್ತರದ ಸ್ವರಗಳ ಸುದ್ದಿ ಹೇಳುತ್ತದೆ. ತಗ್ಗು ಸ್ವರಗಳ ಕೊರತೆ ನುಸುಳಿಕೊಳ್ಳಬಹುದು, ಅದಕ್ಕೆ ಬೇರೆ ಬೇರೆ ಸ್ವರಗಳನ್ನು ಬಿಟ್ಟು ಮತ್ತೆ ಅಳೆಯಬೇಕು. ಒಳಗಿವಿ ಸರಿಯಿದ್ದೂ ನರದ ಸಂಕೇತ ಹೊಂದಿಕೆ ತಪ್ಪುವ ‘ಆಡಿಟರಿ ನ್ಯೂರೋಪತಿ’ಯಲ್ಲಿ ಅಲೆಯೇ ಕಾಣದಿರಬಹುದು, ಮಗುವಿಗೆ ಸದ್ದು ಅಷ್ಟಿಷ್ಟು ತಿಳಿಯುತ್ತಿದ್ದರೂ. ಹುಟ್ಟಿದಾಗ ಸರಿಯಿದ್ದ ಕಿವಿ ಮುಂದೆ ಮೆದುಳಿನ ಪೊರೆಯ ಸೋಂಕಿನಿಂದ ಕೆಡುವುದೂ ಉಂಟು. 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆಗಳಲ್ಲಿ ಬೆರಾದ ಜೊತೆಗೆ ಬೇರೆ ಪರೀಕ್ಷೆಗಳನ್ನೂ ಇಟ್ಟುಕೊಂಡಿರುವುದು ಇದಕ್ಕೇ. ಆರೇಳು ತಿಂಗಳಾದ ಮೇಲೆ, ಸದ್ದು ಬಂದತ್ತ ಮಗು ತಲೆ ತಿರುಗಿಸುತ್ತದೆಯೇ ಎಂದು ಎಚ್ಚರದಲ್ಲೂ ನೋಡುತ್ತಾರೆ.